ಗದ್ದುಗೆಯ ಪಾದದಲ್ಲಿ ಒಂದು ಡಬ್ಬಿ

"ಗದ್ದಗಿ ಅಗೀಬೇಕಂತೀಯಾ?"

ಹೆಸರು ಕೊರೆಯುವ ಯಂತ್ರದ ದರ್ರೆನ್ನುವ ಸದ್ದು ತಟ್ಟನೆ ನಿಂತಿತು. ತೊಡೆಯ ಮೇಲಿದ್ದ ಸ್ಟೀಲಿನ ತಾಟನ್ನು ಕೆಳಗಿಟ್ಟು ಕಲ್ಯಾಣಮ್ಮ ಕನ್ನಡಕದ ಮೇಲಿನಿಂದ ನೋಡಿದಳು. ರಂಗಂಪೇಟೆಯ ಆ ಪಾತ್ರೆ ಅಂಗಡಿಯಲ್ಲಿ ಕೊಡ, ಪರಾತ, ತಂಬಿಗೆಗಳ ನಡುವೆ ಅವಳ ಮುಖ ಎಲ್ಲ ಕಡೆಯಿಂದಲೂ ಹೊಳೆಯುತ್ತಿತ್ತು. ಯಾವ ಕಡೆಯಿಂದ ನೋಡಿದರೂ ಅದರಲ್ಲಿ ದಯೆ ಇರಲಿಲ್ಲ.

"ಪೂರಾ ಗದ್ದಗಿ ಅಲ್ರಿ ಅಮ್ಮಾ. ಪಾದದ ಕಡಿ ಒಂದಿಷ್ಟ ಮಣ್ಣು. ಆ ಡಬ್ಬಿ ತಗೊಂಡು ಮತ್ತ ಮುಚ್ಚೋದು," ಎಂದಳು ಪಂಚಶೀಲಾ.

"ಹೌದಾ? ನಾಳಿ ನಾ ನಿಮ್ಮಪ್ಪನ ಗುಂಡಿಗಿ ಬಂದು ಹಂಗ ಅಂತೀನಿ. ಒಂದಿಷ್ಟ ಮಣ್ಣು ಅಷ್ಟ ಅಂತೀನಿ. ಅಗಸ್ತೀಯಾ?"

ಪಂಚಶೀಲಾ ಶಹಾಪುರ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಕಳ್ಳರ ಬಾಯಿಂದ ಮಾತು ಕೀಳುವುದು ಅವಳ ಕೆಲಸ. ಆದರೆ ಇವತ್ತು ಮೈಮೇಲೆ ಖಾಕಿ ಇರಲಿಲ್ಲ, ಕೈಯಲ್ಲಿ ಯಾವ ಆದೇಶವೂ ಇರಲಿಲ್ಲ. ರಜೆ ಹಾಕಿ ಬಂದಿದ್ದಳು. ತಮ್ಮ ಬುದ್ಧಪ್ರಿಯ, ದೋರನಹಳ್ಳಿ ಶಾಲೆಯ ಮಾಸ್ತರ, ಯಾದಗಿರಿಯ ಆಸ್ಪತ್ರೆಯಲ್ಲಿ ಹಳದಿ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಅವನನ್ನು ಉಳಿಸಬಹುದಾದ ವಸ್ತು ಒಂದೇ ಒಂದು ಉಳಿದಿತ್ತು. ಹೆಬ್ಬೆಟ್ಟಿನಷ್ಟು ಅಗಲದ ಮೇಣದ ಗಟ್ಟಿ. ಅದು ಈ ಹೆಂಗಸಿನ ಗಂಡ ಹಂಪಣ್ಣನನ್ನು ಹೂಳಿ ಕಟ್ಟಿದ ಗದ್ದುಗೆಯ ಪಾದದಲ್ಲಿ ಮಣ್ಣು ಸೇರಿತ್ತು.

"ಅವ್ವಾ, ಅವರ ಮಾತು ಪೂರಾ ಕೇಳು," ಎಂದ ಒಳಗಿನಿಂದ ಬಂದ ಶರಣಕುಮಾರ. ಕಲ್ಯಾಣಮ್ಮನ ಮಗ. ಡಬ್ಬಿ ಎಲ್ಲಿದೆ ಎಂದು ನಿನ್ನೆ ಫೋನಿನಲ್ಲಿ ಬಾಯಿಬಿಟ್ಟವನು ಅವನೇ.

"ನೀ ಸುಮ್ಮಿರು. ಮನಿ ಮಾತೆಲ್ಲಾ ಫೋನಿನ್ಯಾಗ ಸಾರವ ನೀನ." ಕಲ್ಯಾಣಮ್ಮ ಪಂಚಶೀಲಳ ಕಡೆ ತಿರುಗಿದಳು. "ನೋಡವಾ, ನಮ್ಮಲ್ಲಿ ಹೋದವರು ಪೂರ್ತಿಯಾಗಿ ಹೋಗ್ಬೇಕು. ಅವರ ಕರುಳಿನ ತುಂಡು ಆ ದವಾಖಾನಿ, ಈ ಲ್ಯಾಬು ಅಂತ ಹೈದರಾಬಾದಿನ ತನಕ ತಿರಗ್ಯಾಡಿ, ಅವರು ಐಕ್ಯ ಆದ ಮ್ಯಾಲ ವಾಪಸ್ ಬಂತು. ಮೇಣದಾಗ ಮುಳಗಿಸಿಟ್ಟಿದ್ರು. ಅವರ ಹೆಸರಿನ ಡಬ್ಬಿಯೊಳಗ ಹಾಕಿ, ವಿಭೂತಿ ತುಂಬಿ, ಅವರ ಕಾಲಾಗ ಇಟ್ಟು ಬಂದೀನಿ. ಈಗ ನಿನಗ ಅದು ಯಾಕ ಬೇಕು?"

"ಅದು ನಿಮ್ಮವರದಲ್ರಿ."

"ಏನು ನಮ್ಮವರದಲ್ಲ?"

"ಮೇಣದೊಳಗಿನ ತುಂಡು. ಅದು ನನ್ನ ತಮ್ಮಂದು."

ಹೊರಗೆ ರಸ್ತೆಯಲ್ಲಿ ಸುರಪುರದ ಕಡೆ ಹೊರಟ ಟಂಟಂ ಆಟೋ ಒಂದು ಹಾರ್ನ್ ಹೊಡೆಯುತ್ತ ಹೋಯಿತು.

ಪಂಚಶೀಲಾ ಹೇಳುತ್ತ ಹೋದಳು. ಹಂಪಣ್ಣ ಮತ್ತು ಬುದ್ಧಪ್ರಿಯ ಇಬ್ಬರಿಗೂ ಶಹಾಪುರದ ಒಂದೇ ನರ್ಸಿಂಗ್ ಹೋಮಿನಲ್ಲಿ ಒಂದೇ ದಿನ ಕರುಳಿನ ಆಪರೇಷನ್ ಆಗಿತ್ತು. ಕತ್ತರಿಸಿ ತೆಗೆದ ಭಾಗವನ್ನು ಈ ಭಾಗದ ಎಲ್ಲ ಕಡೆಯಂತೆ ಮನೆಯವರ ಕೈಗೇ ಕೊಟ್ಟು, ಕಲಬುರಗಿಯ ಲ್ಯಾಬಿಗೆ ಒಯ್ಯಲು ಹೇಳಿದ್ದರು. ಬುದ್ಧಪ್ರಿಯನ ರಿಪೋರ್ಟು ಬಂತು: ಕ್ಯಾನ್ಸರ್ ಅಲ್ಲ, ಕರುಳಿನ ಟಿಬಿ. ಮನೆಯಲ್ಲಿ ಸಿಹಿ ಹಂಚಿದ್ದರು. ಹಂಪಣ್ಣನ ರಿಪೋರ್ಟು ಬಂತು: ಕ್ಯಾನ್ಸರ್. ಕಿಮೋ ಸುರುವಾಯಿತು.

"ಈಗ ನನ್ನ ತಮ್ಮನ ಲಿವರಿನ್ಯಾಗ ಒಂದು ಗಂಟು ಕಾಣಸ್ಯದರಿ. ಕೀವು ಇರಬೇಕಂತ ಸೂಜಿ ಹಾಕಿ ತಗದ್ರು. ಅದನ್ನ ಕಲಬುರಗಿಯ ಉಮಾಶ್ರೀ ಡಾಕ್ಟರು ನೋಡಿದ್ರು. ಕೀವಲ್ಲ, ಕ್ಯಾನ್ಸರ್. ಅದರ ಜೋಡಿ ಒಂದು ಬ್ಯಾಕ್ಟೀರಿಯಾ ಸಿಕ್ತು."

"ಹುಳ ಯಾರ ಹೊಟ್ಟಿಯೊಳಗ ಇರಂಗಿಲ್ಲ?"

"ಇದು ಹೊಟ್ಟಿದಲ್ರಿ. ಬಾಯಾಗಿಂದು."

ಉಮಾಶ್ರೀ ಡಾಕ್ಟರು ಹೇಳಿದ್ದು ಪಂಚಶೀಲಳಿಗೆ ಬಾಯಿಪಾಠವಾಗಿತ್ತು. ಈ ಬ್ಯಾಕ್ಟೀರಿಯಾದ ಮನೆ ಹಲ್ಲಿನ ಸಂದಿ. ಅಲ್ಲಿದ್ದರೆ ಹೆಚ್ಚಿನವರಿಗೆ ಅದು ಇರುವುದೂ ತಿಳಿಯುವುದಿಲ್ಲ. ಕೆಲವರ ಕರುಳಿನಲ್ಲಿ ಗಡ್ಡೆ ಎದ್ದಾಗ ಅದು ಹೇಗೋ ಅಲ್ಲಿಗೆ ಹೋಗಿ ಗಡ್ಡೆಯೊಳಗೆ ಬಿಡಾರ ಹೂಡುತ್ತದೆ. ಮೈಯ ಕಾವಲುಗಾರರಿಗೆ ಗಡ್ಡೆ ಸಿಗದಂತೆ ಅಡ್ಡ ನಿಲ್ಲುತ್ತದೆ. ಗಡ್ಡೆಯ ಚೂರು ಕಳಚಿ ರಕ್ತ ಹಿಡಿದು ಲಿವರಿಗೆ ಹೊರಟಾಗ ಅದರ ಜೊತೆಗೇ ಹೊರಡುತ್ತದೆ.

"ನಿನ್ನ ಪೊಲೀಸ್ ಭಾಷಾದಾಗ ಹೇಳ್ಬೇಕಂದ್ರ," ಎಂದಿದ್ದರು ಡಾಕ್ಟರು, "ಕಳ್ಳ ಊರು ಬಿಟ್ಟು ಓಡಿದ್ರೂ ಜೊತಿಗಾರನ್ನ ಬಿಟ್ಟು ಹೋಗಿಲ್ಲ. ಜೊತಿಗಾರ ಲಿವರಿನ್ಯಾಗ ಸಿಕ್ಕಾನಂದ್ರ, ಕಳ್ಳ ಮೊದಲ ಕರುಳಿನ್ಯಾಗ ಇದ್ದಾನಂತ ನನ್ನ ಗುಮಾನಿ. ಆದ್ರ ನಿನ್ನ ತಮ್ಮನ ಹೆಸರಿನ ಕರುಳಿನ ತುಂಡಿನ್ಯಾಗ ಆ ಬ್ಯಾಕ್ಟೀರಿಯಾದ ಸುಳಿವೂ ಇಲ್ಲ, ಕ್ಯಾನ್ಸರೂ ಇಲ್ಲ. ಬರೇ ಟಿಬಿ. ಅದು ಬ್ಯಾರೆ ಮನುಷ್ಯಾಂದು."

ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಹೊಸ ಪ್ರಯೋಗ ನಡೆದಿತ್ತು. ಕಿಮೋ ಜೊತೆಗೆ ಈ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಕೊಟ್ಟು ನೋಡುವುದು. ಇಲಿಗಳಲ್ಲಿ ಗಡ್ಡೆಯ ಓಟ ನಿಧಾನವಾಗಿತ್ತಂತೆ. ಮನುಷ್ಯರಲ್ಲಿ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಬುದ್ಧಪ್ರಿಯನಿಗೆ ಬೇರೆ ದಾರಿ ಉಳಿದಿರಲಿಲ್ಲ. ಆದರೆ ಪ್ರಯೋಗಕ್ಕೆ ಸೇರಬೇಕಾದರೆ ಲಿವರಿನ ಬ್ಯಾಕ್ಟೀರಿಯಾ ಮತ್ತು ಮೂಲ ಗಡ್ಡೆಯ ಬ್ಯಾಕ್ಟೀರಿಯಾ ಒಂದೇ ತಳಿ ಎಂದು ತೋರಿಸಬೇಕು. ಮೂಲ ಗಡ್ಡೆ ಮೇಣದಲ್ಲಿತ್ತು. ಪ್ರಯೋಗಕ್ಕೆ ಸೇರುವ ಬಾಗಿಲು ನಾಳೆ ಸಂಜೆ ಮುಚ್ಚುತ್ತದೆ.

"ಅಂದ್ರ," ಕಲ್ಯಾಣಮ್ಮ ನಿಧಾನವಾಗಿ ಕೇಳಿದಳು, "ನಿನ್ನ ತಮ್ಮಂದು ನಮ್ಮವರ ಹೆಸರಿನ್ಯಾಗ ಬಂದಿತ್ತು."

"ಹೌದ್ರಿ."

"ನಮ್ಮವರದು ನಿನ್ನ ತಮ್ಮನ ಹೆಸರಿನ್ಯಾಗ."

ಪಂಚಶೀಲಾ ತಲೆ ತಗ್ಗಿಸಿದಳು. ಮುಂದಿನ ಪ್ರಶ್ನೆ ಗೊತ್ತಿತ್ತು. ಅದನ್ನು ತಡೆಯಲು ಆಗುವಂತಿದ್ದರೆ ಅವಳು ಇಲ್ಲಿಗೆ ಬರುತ್ತಲೇ ಇರಲಿಲ್ಲ.

"ಹಂಗಾರ ಅವರಿಗಿ ಇದ್ದದ್ದು..."

"ಟಿಬಿರಿ."

"ಟಿಬಿ." ಕಲ್ಯಾಣಮ್ಮ ಆ ಮಾತನ್ನು ನಾಲಗೆಯ ಮೇಲಿಟ್ಟು ನೋಡಿದಳು. "ಸರಕಾರಿ ದವಾಖಾನ್ಯಾಗ ಗುಳಿಗಿ ಕೊಡ್ತಾರಲ್ಲ, ಆ ಟಿಬಿ? ನಮ್ಮ ಓಣ್ಯಾಗ ಮದೀನಾಬೀಗಿ ಬಂದಿತ್ತು. ಗುಳಿಗಿ ನುಂಗಿ ಈಗ ಮೊಮ್ಮಕ್ಕಳ ಮದುವಿ ಮಾಡಾಕತ್ತಾಳ. ಆ ಟಿಬಿ?"

ಪಂಚಶೀಲಾ ಹೌದೆಂದು ತಲೆಯಾಡಿಸಿದಳು.

"ಅವರಿಗಿ ಕೂದಲು ಹೋಯ್ತು. ಬಾಯಿ ಹುಣ್ಣಾಗಿ ಅಂಬಲಿ ಸೈತ ಇಳೀಲಿಲ್ಲ. ನಾ ಒತ್ತಾಯ ಮಾಡಿ ಕಿಮೋ ಸೂಜಿಗಿ ಕಳಸ್ತಿದ್ದೆ. ಬ್ಯಾಡ ಕಲ್ಯಾಣಿ, ಸಾಕು ಅಂತಿದ್ರು. ನಾನ ಕೈ ಹಿಡದು ಗಾಡಿ ಹತ್ತಿಸಿ..."

ಅವಳು ಅಳಲಿಲ್ಲ. ಯಂತ್ರದ ಗುಂಡಿ ಒತ್ತಿದಳು. ಯಾರದೋ ಮದುವೆಗೆ ಕೊರೆಯುತ್ತಿದ್ದ ತಾಟಿನ ಮೇಲೆ ಸೂಜಿ ದರ್ರೆಂದು ಓಡಿತು. ಅಕ್ಷರವಿಲ್ಲ, ಗೆರೆಯಿಲ್ಲ, ಒಂದೇ ಕಡೆ ಕೊರೆಯುತ್ತ ಕೊರೆಯುತ್ತ ತಾಟು ಬಿಸಿಯಾಗಿ ಅವಳ ಬೆರಳು ಸುಟ್ಟಿತು. ಶರಣಕುಮಾರ ಬಂದು ಪ್ಲಗ್ ಕಿತ್ತ.

"ಅವ್ವಾ..."

"ಯಾರು ಬದಲ ಮಾಡಿದ್ರು?" ಕಲ್ಯಾಣಮ್ಮ ಪಂಚಶೀಲಳನ್ನೇ ಕೇಳಿದಳು. "ಅದನ್ನ ಹೇಳು. ಗದ್ದಗಿ ಮಾತು ಆಮ್ಯಾಲ."

"ನರ್ಸಿಂಗ್ ಹೋಮಿನ ಥಿಯೇಟರಿನ್ಯಾಗ ಇನಾಯತ ಅಂತ ಒಬ್ಬ ಇದ್ದ. ಎರಡೂ ತುಂಡು ತುಂಬಿ ಕೊಟ್ಟಾವ ಅಂವ. ನನ್ನ ಸಂಶಯ ಅವನ ಮ್ಯಾಲ."

"ಅಂವ ಅಲ್ರಿ ಮೇಡಮ್," ಎಂದ ಶರಣಕುಮಾರ.

ಅವನು ಗೋಡೆಗೆ ಒರಗಿ ನಿಂತಿದ್ದ. ಕಿತ್ತ ಪ್ಲಗ್ಗಿನ ವೈರು ಇನ್ನೂ ಕೈಯಲ್ಲಿತ್ತು. "ಇನಾಯತ ನಮ್ಮ ಕಣ್ಣೆದುರಿಗೇ ತುಂಬಿದ. ಅಪ್ಪಂದು ನಮ್ಮ ಸ್ಟೀಲ್ ಡಬ್ಬ್ಯಾಗ. ಅವ್ವ ಹೆಸರು ಕೊರದು ಕೊಟ್ಟಿದ್ದಳು, ಅದಲುಬದಲು ಆಗಬಾರದಂತ. ನಿಮ್ಮ ತಮ್ಮಂದು ಒಂದು ಪ್ಲಾಸ್ಟಿಕ್ ಭರಣ್ಯಾಗ. ಹಂಗ ಬದಲ ಆಗಾಕ ಸಾಧ್ಯಾನ ಇರಲಿಲ್ಲ."

"ಮತ್ತ?"

"ನಾ ಆ ದಿನ ಲಿಂಗಪೂಜಿ ಮುಗಿಸ್ಕೊಂಡು ಹೊಂಟಿದ್ದೆ. ಹಸಿ ಮಾಂಸ ತೊಡಿ ಮ್ಯಾಲ ಇಟ್ಕೊಂಡು ಕಲಬುರಗಿ ತನಕ ಕೂಡಾಕ... ಮನಸ್ಸು ಒಪ್ಪಲಿಲ್ಲ. ನಿಮ್ಮ ಕಡಿಯವರು ಅದೇ ಬಸ್ಸಿಗಿ ಹೊಂಟಿದ್ರು. ಅಣ್ಣಾ, ಇದನ್ನೂ ಜರಾ ಹಿಡ್ಕೋ ಅಂದೆ. ನಾ ಮುಂದ ಡ್ರೈವರ ಹಿಂದ ಕೂತೆ. ಅಂವ ಹಿಂದ."

"ಯಾಕ, ಅವರ ಕೈಗಿ ಮೈಲಿಗಿ ಆಗಂಗಿಲ್ಲೇನು?" ಕಲ್ಯಾಣಮ್ಮನ ದನಿ ಕತ್ತಿಯಂತಿತ್ತು. "ನಿನಗ ಮುಟ್ಟಾಕ ಬಾರದ್ದು ಅವರು ಮುಟ್ಟಲಿ ಅಂತ ಕೊಟ್ಟಿ. ಹೌದಿಲ್ಲೋ?"

ಅವನು ವೈರನ್ನು ಬೆರಳಿಗೆ ಸುತ್ತಿಕೊಂಡ.

ಪಂಚಶೀಲಳ ಕಿವಿಯಲ್ಲಿ ಒಂದೇ ಮಾತು ಉಳಿದಿತ್ತು. ನಿಮ್ಮ ಕಡಿಯವರು. ಆ ದಿನ ಬುದ್ಧಪ್ರಿಯನ ಭರಣಿ ಹಿಡಿದು ಕಲಬುರಗಿಗೆ ಹೋದವನು ಅವಳ ಗಂಡ ಹಣಮೇಶ. ಗೋಗಿಯಿಂದ ಶಹಾಪುರಕ್ಕೆ ಶೇರ್ ಆಟೋ ಓಡಿಸುವವನು. ಎರಡನೆಯ ಡಬ್ಬಿಯ ಸುದ್ದಿಯನ್ನು ಅವನು ಒಂದು ದಿನವೂ ಎತ್ತಿರಲಿಲ್ಲ.

"ಇಳಿದಾಗ ಡಬ್ಬಿ ಹ್ಯಾಂಗಿತ್ತು?" ಅವಳೊಳಗಿನ ಪೊಲೀಸು ಕೇಳಿತು. ದನಿ ಅವಳದೇ ಎನ್ನಿಸಲಿಲ್ಲ.

"ಹೊರಗೆಲ್ಲಾ ತೊಯ್ದಿತ್ತು. ಔಷಧದ ಘಾಟು ಮೂಗಿಗಿ ಬಡೀತು. ಏನಾಯ್ತಣ್ಣಾ ಅಂದ್ರ, ಜೇವರ್ಗಿ ಹತ್ತಿರ ಬಸ್ಸು ಜಿಗೀತು, ಏನೂ ಆಗಿಲ್ಲ ಅಂದ. ಆಮ್ಯಾಲ ಲ್ಯಾಬಿಗಿ ಹೋಗೂಕಿಂತ ಮೊದಲ ಮೆಡಿಕಲ್ ಅಂಗಡಿಯೊಳಗ ಒಂದು ಹೊಸಾ ಭರಣಿ ತಗೊಂಡ. ನಾ ಹೊರಗ ನಿಂತಿದ್ದೆ. ಯಾಕಂತ ಕೇಳಲಿಲ್ಲ."

"ಅವನ ಕೈ?"

"ಕೆಂಪಗಾಗಿದ್ವು. ನಳದ ನೀರಿನ್ಯಾಗ ತೊಳಕೊಳ್ಳಾಕತ್ತಿದ್ದ."

ಪಂಚಶೀಲಾ ಪರಾತಗಳ ರಾಶಿಯ ಅಂಚು ಹಿಡಿದುಕೊಂಡಳು. ಆ ವಾರ ಹಣಮೇಶನ ಅಂಗೈ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂದಿತ್ತು. ಬ್ಯಾಟರಿ ಆಸಿಡ್ ಬಿತ್ತು ಎಂದಿದ್ದ. ಅವಳೇ ಕೊಬ್ಬರಿ ಎಣ್ಣೆ ಸವರಿ, ನೋಡಿ ಕೆಲಸ ಮಾಡಬಾರದೇ ಎಂದು ಬೈದಿದ್ದಳು. ಬ್ಯಾಟರಿ ಆಸಿಡ್ಡು ಬಟ್ಟೆಯನ್ನೂ ತಿನ್ನುತ್ತದೆ. ಅವನ ಅಂಗಿಯಲ್ಲಿ ಒಂದು ತೂತೂ ಇರಲಿಲ್ಲ. ಪರರ ಮನೆಯಲ್ಲಾದರೆ ಬಾಗಿಲಲ್ಲೇ ಹಿಡಿಯುತ್ತಿದ್ದ ಸುಳ್ಳು.

ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬಸ್ಸು ಜಿಗಿದಾಗ ಪ್ಲಾಸ್ಟಿಕ್ ಭರಣಿ ಒಡೆದಿತ್ತು. ಔಷಧ ಚೆಲ್ಲಿ ತುಂಡು ಒಣಗುತ್ತದೆಂದು ಹೆದರಿ, ಬರಿಗೈಯಲ್ಲಿ ಎತ್ತಿ ಹಂಪಣ್ಣನ ಡಬ್ಬಿಯೊಳಗೆ ಹಾಕಿದ್ದ. ಕಲಬುರಗಿಯಲ್ಲಿ ಹೊಸ ಭರಣಿ ಕೊಂಡು ಒಂದನ್ನು ತೆಗೆದಿಟ್ಟ. ಯಾವುದನ್ನು? ಎರಡೂ ಕರುಳೇ. ಎರಡೂ ಬೂದು ಬಣ್ಣ.

"ಇನ್ನೊಂದು ಮಾತು," ಎಂದ ಶರಣಕುಮಾರ. "ಅಪ್ಪನ್ನ ಮಣ್ಣು ಮಾಡೋ ದಿನ ನಿಮ್ಮ ಮನಿಯವರು ಹೊಲಕ್ಕ ಬಂದಿದ್ರು. ಹಿಂದ ಜಾಲಿ ಗಿಡದ ಕೆಳಗ ನಿಂತು ಅತ್ರು. ಬಸ್ಸಿನ್ಯಾಗ ಒಂದು ದಿನ ಕಂಡಾವ ಇಷ್ಟ್ಯಾಕ ಅಳ್ತಾನಂತ ನಮ್ಮ ಕಾಕಾ ಕೇಳಿದ."

"ನಿನ್ನ ಗಂಡಾ?" ಕಲ್ಯಾಣಮ್ಮ ಎದ್ದು ನಿಂತಳು. "ಇಷ್ಟೊತ್ತು ಮಾತಾಡಿದ್ದು ನಿನ್ನ ಗಂಡಂದಾ?"

"ನನಗ ಗೊತ್ತಿರಲಿಲ್ರಿ."

"ಪೊಲೀಸಾಕಿ! ಒಂದ ತಾಟಿನ್ಯಾಗ ಉಣ್ತೀ, ಗೊತ್ತಿರಲಿಲ್ಲಂತೀ."

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಬುದ್ಧಪ್ರಿಯ. ಎತ್ತಬಾರದು ಎನ್ನಿಸಿತು. ಎತ್ತಿದಳು. ಅಂಗಡಿಯ ನಿಶ್ಶಬ್ದದಲ್ಲಿ ಅವನ ತೆಳು ದನಿ ಎಲ್ಲರಿಗೂ ಕೇಳಿಸಿತು.

"ಅಕ್ಕಾ, ಸಿಕ್ತೇನ?"

"ಸಿಗ್ತೈತಿ. ನೀ ಉಂಡ್ಯಾ?"

"ಎರಡು ಚಮಚಾ ಗಂಜಿ. ನರ್ಸಮ್ಮ ಭಾಳ ಖುಷಿಯಾದ್ಲು, ಮೆಡಲ್ ಕೊಡ್ತಾಳಂತ." ಉಸಿರು ಎಳೆದುಕೊಂಡ. "ಅಕ್ಕಾ, ನಮ್ಮ ಹುಡುಗರಿಗಿ ಹಲ್ಲು ತಿಕ್ಕರಿ ಅಂತ ದಿನಾ ಹೇಳ್ತಿದ್ದೆ. ಈಗ ನನ್ನ ಬಾಯಾಗಿನ ಹುಳ ನೋಡು, ನನಗಿಂತ ಹೆಚ್ಚಿಗಿ ಪ್ರವಾಸ ಮಾಡ್ಯಾವ. ನಾ ಯಾದಗಿರಿ ದಾಟಿಲ್ಲ, ಅವು ಕರುಳು ನೋಡಿ, ಲಿವರ್ ನೋಡಿ..." ನಗಲು ಹೋಗಿ ಕೆಮ್ಮಿದ. "ಪಂಚಮಿಗಿ ಮಗಳ ಜೋಕಾಲಿ ಕಟ್ಟಬೇಕು. ಹಗ್ಗ ನೋಡಿಟ್ಟೀನಿ. ಕಟ್ಟತೀನೋ ಇಲ್ಲೋ?"

"ಕಟ್ಟತೀ."

"ಹಣಮೇಶ ಭಾವ ಯಾಕೋ ಮುಂಜಾನಿ ಬಂದಿದ್ದ. ಮಾತಿಲ್ಲ ಕಥಿಲ್ಲ. ನನ್ನ ಕಾಲು ಹಿಡ್ಕೊಂಡು ಕುಂತು ಎದ್ದು ಹೋದ. ಜಗಳ ಆಡೀರೇನು?"

ಫೋನು ಇಟ್ಟಾಗ ಕಲ್ಯಾಣಮ್ಮ ಅವಳನ್ನೇ ನೋಡುತ್ತಿದ್ದಳು.

"ಮಗಳು ಎಷ್ಟು ದೊಡ್ಡಾಕಿ?"

"ಈಗ ಸಾಲಿಗಿ ಹೊಂಟಾಳ್ರಿ."

ಕಲ್ಯಾಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಶರಣ್ಯಾ, ಸಲಿಕಿ ತಗೋ."

"ಅವ್ವಾ, ಬ್ಯಾಡ. ಸ್ವಾಮಿಗಳನ್ನ ಒಂದು ಮಾತು ಕೇಳಿ..."

"ಏನಂತ ಕೇಳ್ತೀ? ನಮ್ಮಪ್ಪನ ಕಾಲಾಗ ಮಂದಿ ಕರುಳು ಐತಿ, ತೆಗೀಲೋ ಬಿಡಲೋ ಅಂತಾ?"

"ಹಂಗಲ್ಲ. ಅದು ಅವರದು ಅಂದ್ರ, ಅವರು..."

"ಅವರು ಏನು? ಪೂರಾ ಹೇಳು."

ಶರಣಕುಮಾರ ಮೂಲೆಯಲ್ಲಿದ್ದ ಸಲಿಕೆ ಎತ್ತಿಕೊಂಡ.

"ನಿಮ್ಮಪ್ಪಂದು, ಅವರದು ಒಂದ ಡಬ್ಬ್ಯಾಗ ಕೂತು ಕಲಬುರಗಿಗಿ ಹೋದ್ವು. ಮೈಲಿಗಿ ಅಂತ ಅವು ಜಗಳಾಡಲಿಲ್ಲ." ಅವಳು ಚಪ್ಪಲಿ ಮೆಟ್ಟಿದಳು. "ಡಬ್ಬಿ ಕೊಡ್ತೀನವಾ. ಆದ್ರ ಒಂದು. ಆ ಬದಲ ಮಾಡಿದ ಕೈ ನನ್ನ ಮುಂದ ಬಂದು ನಿಲ್ಲಬೇಕು. ಗಂಡ ಅಂತ ಬಚ್ಚಿಟ್ಟರ, ನಿನ್ನ ತಮ್ಮ ಉಳದ್ರೂ ನಿನ್ನ ಬಿಡಂಗಿಲ್ಲ."

"ನಿಲ್ಲಸ್ತೀನ್ರಿ," ಎಂದಳು ಪಂಚಶೀಲಾ. ಅದು ಎಂಥ ಮಾತು ಎಂದು ಆಡಿದ ಮೇಲೆ ಗೊತ್ತಾಯಿತು.

ದಾರಿಯಲ್ಲಿ ಹಣಮೇಶನಿಗೆ ಮತ್ತೆ ಮತ್ತೆ ಫೋನು ಹಚ್ಚಿದಳು. ಸ್ವಿಚ್ ಆಫ್. ಬೆಳಿಗ್ಗೆ ಚಹಾ ಕುಡಿಯುವಾಗ ಅವಳೇ ಅವನಿಗೆ ಎಲ್ಲ ಹೇಳಿದ್ದಳು: ಮೇಣದ ಗಟ್ಟಿ ಎಲ್ಲಿದೆ, ಗದ್ದುಗೆಯ ಯಾವ ಕಡೆ, ಯಾವ ಡಬ್ಬಿಯೊಳಗೆ. ಅವನ ಚಹಾ ಆರಿ ಕೆನೆಗಟ್ಟಿತ್ತು. ಅವಳಿಗೆ ನೋಡಲು ಪುರಸೊತ್ತು ಇರಲಿಲ್ಲ. ಊಟದ ಡಬ್ಬಿ ಕಟ್ಟಬೇಕಿತ್ತು, ಬೇಸಿಗೆ ಶಿಬಿರದ ಬಸ್ಸು ಹಿಡಿಯುವ ಮಗನ ಸಾಕ್ಸು ಹುಡುಕಬೇಕಿತ್ತು.

ಶರಣಕುಮಾರ ಸಲಿಕೆ ಕಟ್ಟಿಕೊಂಡು ಮೋಟರ್ ಸೈಕಲ್ಲಿನಲ್ಲಿ ಮುಂದೆ ಹೋದ. ಕಲ್ಯಾಣಮ್ಮ ಪಂಚಶೀಲಳ ಸ್ಕೂಟಿಯ ಹಿಂದೆ ಕೂತಳು. ಮೇ ತಿಂಗಳ ಬಿಸಿಲು ಸುರಪುರದ ಗುಡ್ಡಗಳ ಮೇಲೆ ಬಂಡೆಗಳನ್ನು ಕಾಯಿಸುತ್ತಿತ್ತು. ಉಮಾಶ್ರೀ ಡಾಕ್ಟರ ಎಚ್ಚರಿಕೆ ತಲೆಯಲ್ಲಿ ಸುತ್ತುತ್ತಿತ್ತು: ಮಣ್ಣಿನೊಳಗ ತಂಪು ಇರ್ತದ, ಏನೂ ಆಗಂಗಿಲ್ಲ. ತಗದ ಮ್ಯಾಲ ಮಾತ್ರ ಬಿಸಿಲಿಗಿ ಇಡಬ್ಯಾಡ. ಸ್ಟೀಲಿನೊಳಗ ಮೇಣ ಕರಗಿದ್ರ ಮುಗೀತು.

ಹೊಲದ ದಾರಿಯಲ್ಲಿ ನಿನ್ನೆ ಸಂಜೆಯ ಅಡ್ಡಮಳೆಯ ಹಸಿ ಇನ್ನೂ ಆರಿರಲಿಲ್ಲ. ಕರಿ ಮಣ್ಣಿನಲ್ಲಿ ಮೂರು ಗೆರೆ ಎದ್ದಿದ್ದವು. ಮೂರು ಚಕ್ರದ ಗಾಡಿ. ಪಂಚಶೀಲಾ ಬ್ರೇಕ್ ಒತ್ತಿದಳು. ಎಡಗಡೆ ಹಿಂದಿನ ಗಾಲಿಯ ಗುರುತು ಬೋಳು, ಹಲ್ಲಿಲ್ಲ. ಆ ಟಾಯರು ಬದಲಿಸು ಎಂದು ಯುಗಾದಿಯಿಂದ ಅವಳೇ ಜಗಳ ತೆಗೆದಿದ್ದಳು.

"ಯಾಕ ನಿಲ್ಲಿಸಿದಿ?" ಎಂದಳು ಕಲ್ಯಾಣಮ್ಮ.

ಪಂಚಶೀಲಾ ಸ್ಕೂಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ಜಾಲಿ ಗಿಡದಾಚೆ ಸುಣ್ಣ ಬಳಿದ ಗದ್ದುಗೆ ಬೆಳ್ಳಗೆ ಹೊಳೆಯುತ್ತಿತ್ತು. ಶರಣಕುಮಾರ ಸಲಿಕೆ ಹಿಡಿದು ಅದರ ಪಾದದ ಕಡೆ ನಿಂತಿದ್ದ. ಅವನು ಅಗೆಯಬೇಕಾಗಿರಲಿಲ್ಲ. ಅಲ್ಲಿ ಮೊದಲೇ ಒಂದು ಗುಂಡಿಯಿತ್ತು. ಸುತ್ತ ವಿಭೂತಿ ಚೆಲ್ಲಿತ್ತು. ಗುಂಡಿಯ ತಳದಲ್ಲಿ ಡಬ್ಬಿ ಕೂತಿದ್ದ ದುಂಡು ಅಚ್ಚು ಮಾತ್ರ ಉಳಿದಿತ್ತು. ಯಾರೋ ಅಗೆದ ಮಣ್ಣನ್ನು ಕಾಲಲ್ಲಿ ತಳ್ಳದೆ ಬದಿಗೆ ಅಚ್ಚುಕಟ್ಟಾಗಿ ಗುಡ್ಡೆ ಹಾಕಿ, ಅದರ ಮೇಲೆ ಎರಡು ಊದಿನಕಡ್ಡಿ ಹಚ್ಚಿಟ್ಟು ಹೋಗಿದ್ದರು. ಕಡ್ಡಿಗಳ ಬುಡ ಮಾತ್ರ ಇನ್ನೂ ಹೊಗೆಯಾಡುತ್ತಿತ್ತು.

ಕಲ್ಯಾಣಮ್ಮ ಬಂದು ನೋಡಿದಳು. ಮೊಣಕಾಲೂರಿ ಕೂತು ಚೆಲ್ಲಿದ ವಿಭೂತಿಯನ್ನು ಬೊಗಸೆಯಲ್ಲಿ ಒಟ್ಟುಮಾಡತೊಡಗಿದಳು. "ನಿನ್ನ ಗಂಡ?"

"ಹೌದ್ರಿ."

ಮೂರು ಗೆರೆಗಳು ಹೊಲದಿಂದ ಡಾಂಬರು ರಸ್ತೆಗೆ ಹೋಗಿ ಮಾಯವಾಗಿದ್ದವು. ಎಡಕ್ಕೆ ತಿರುಗಿದರೆ ಶಹಾಪುರ, ಯಾದಗಿರಿ, ಹೈದರಾಬಾದು. ಬಲಕ್ಕೆ ತಿರುಗಿದರೆ ತಿಂಥಣಿ. ಕೃಷ್ಣಾ ಹೊಳೆಯ ಸೇತುವೆ.

ಫೋನು ರಿಂಗಾಯಿತು. ಹಣಮೇಶ.

"ಎಲ್ಲಿದ್ದೀ?" ಪಂಚಶೀಲಾ ಕಿರುಚಿದಳು.

ಗಾಳಿಯ ಭೋರ್ಗರೆತ. ಅದರ ನಡುವೆ ಲಾರಿಯೊಂದು ಸೇತುವೆಯ ಕಬ್ಬಿಣದ ಸಂದು ದಾಟುವ ಧಡ್ ಧಡ್ ಸದ್ದು. ಅವಳಿಗೆ ಉತ್ತರ ಬೇಕಾಗಲಿಲ್ಲ. ಅವನು ಬಲಕ್ಕೆ ತಿರುಗಿದ್ದ.

"ಪಂಚೂ, ಡಬ್ಬಿ ನನ್ನ ಕೈಯಾಗ ಐತಿ," ಎಂದ ಹಣಮೇಶ. "ಒಗೀಬೇಕಂತನ ಬಂದೆ. ಇದು ಇದ್ರ ಹಂಪಣ್ಣನ್ನ ಕೊಂದಾವ ನಾನಂತ ಬಯಲಾಗ್ತೈತಿ. ಒಗದ್ರ ಬುದ್ಧಪ್ರಿಯ ಹೋಗ್ತಾನ. ಮುಂಜಾನಿ ಅವನ ಕಾಲು ಮುಟ್ಟಿದೆ, ತಣ್ಣಗಿದ್ವು. ಆ ದಿನ ಎರಡೂ ಒಂದ ಥರ ಕಾಣ್ತಿದ್ವು ಪಂಚೂ. ನಾ ದೇವರಾಣಿ ಬೇಕಂತ ಮಾಡಲಿಲ್ಲ. ನಮ್ಮದು ಟಿಬಿ ಅಂತ ಬಂದಾಗ, ನನ್ನ ಕೈ ಸರೀನ ಹೋಗೇತಿ ಅಂತ ನಂಬಿದೆ. ನಂಬಬೇಕಾಗಿತ್ತು. ನೀವೆಲ್ಲಾ ನಗಾಕತ್ತಿದ್ರಿ."

"ಹಣಮೇಶ, ನನ್ನ ಮಾತು ಕೇಳು. ಅದನ್ನ..."

"ಏನಂತ ಕೇಳ್ಲಿ? ನೀ ಹಿಡದು ಕೊಡ್ತೀಯೋ, ಬಿಡ್ತೀಯೋ?"

ಬಿಡುತ್ತೇನೆ ಎಂದರೆ ಎದುರಿಗೆ ವಿಭೂತಿ ಹಿಡಿದು ಕೂತ ವಿಧವೆಗೆ ಕೊಟ್ಟ ಮಾತು ಹೋಗುತ್ತದೆ. ಹಿಡಿಯುತ್ತೇನೆ ಎಂದರೆ ಡಬ್ಬಿ ಹೊಳೆಗೆ ಹೋಗುತ್ತದೆ.

ಕಲ್ಯಾಣಮ್ಮ ಎದ್ದಳು. ವಿಭೂತಿ ಮೆತ್ತಿದ ಕೈ ಚಾಚಿ ಫೋನು ತೆಗೆದುಕೊಂಡಳು.

"ತಮ್ಮಾ, ನಾ ಹಂಪಣ್ಣನ ಮನಿಯಾಕಿ," ಎಂದಳು. "ನಿನ್ನ ಲೆಕ್ಕ ಆಮ್ಯಾಲ ನೋಡ್ತೀನಿ. ಮೊದಲ ಇಷ್ಟು ಹೇಳು. ಡಬ್ಬಿ ಬಿಸಿಲಾಗ ಹಿಡದೀಯೋ, ನೆರಳಾಗ ಹಿಡದೀಯೋ?"

ಹೆಜ್ಜೆ ಸಪ್ಪಳ ಕೇಳಿಸಿತು. ಆಟೋದ ಚಾವಣಿಗೆ ಏನೋ ತಾಗಿದ ಸದ್ದು. ಗಾಳಿ ಕಡಿಮೆಯಾಯಿತು.

"ಈಗ ನೆರಳಾಗ ಐತ್ರಿ ಅವ್ವಾರ," ಎಂದ.

"ಮುಚ್ಚಳಾ ತೆಗಿ. ಮೇಣ ಕರಗೇತೇನು ನೋಡು."

ಸ್ಟೀಲಿನ ಮುಚ್ಚಳ ಕಿರುಗುಟ್ಟಿತು. ಪಂಚಶೀಲಾ ಫೋನಿಗೆ ಕಿವಿ ತಾಗಿಸಿ ನಿಂತಿದ್ದಳು. ವಿಭೂತಿ ಕೆದರುವ ಬೆರಳುಗಳ ಸರಸರ ಸದ್ದು ಕೂಡ ಕೇಳಿಸುತ್ತಿತ್ತು.

"ಕರಗಿಲ್ರಿ," ಎಂದ ಹಣಮೇಶ. ಪಂಚಶೀಲಾ ಗದ್ದುಗೆಯ ಅಂಚಿಗೆ ಕೈ ಊರಿದಳು. "ಆದ್ರ ಅವ್ವಾರ... ನೀವು ಎಷ್ಟ ಇಟ್ಟಿದ್ರಿ?"

"ಎಷ್ಟೇನು? ಒಂದ ಇಟ್ಟಿದ್ದೆ."

"ಇಲ್ಲಿ ಎರಡ ಅದಾವ್ರಿ."

ಕಲ್ಯಾಣಮ್ಮ ಫೋನನ್ನು ಕಿವಿಯಿಂದ ತೆಗೆಯದೆ ಗುಂಡಿಯನ್ನು ನೋಡಿದಳು, ನಿಧಾನವಾಗಿ ಮಗ ನಿಂತಿದ್ದ ಕಡೆ ತಿರುಗಿದಳು. ಹೈದರಾಬಾದಿನಿಂದ ಆ ಮೇಣದ ಗಟ್ಟಿಯನ್ನು ತಂದವನು ಅವನೊಬ್ಬನೇ. ಎರಡನೆಯದನ್ನು ಅವಳ ಕಣ್ಣು ತಪ್ಪಿಸಿ ಡಬ್ಬಿಗೆ ಸೇರಿಸಬಲ್ಲವನೂ ಅವನೊಬ್ಬನೇ.

ಸಲಿಕೆ ನೆಲದಲ್ಲಿ ಬಿದ್ದಿತ್ತು. ಜಾಲಿ ಗಿಡದಾಚೆ ಮೋಟರ್ ಸೈಕಲ್ ಶುರುವಾದ ಸದ್ದು ಕೇಳಿಸಿತು.